ಮೆರಾಪಿಯ ಕಾವಲುಗಾರ

ಜಾವಾದ ಮೆರಾಪಿ ಅಗ್ನಿಪರ್ವತದ ಇಳಿಜಾರಿನಲ್ಲಿ ಬದುಕುವವರನ್ನು ಮೂಢನಂಬಿಕೆಯವರೆಂದು ತಳ್ಳಿಹಾಕುವುದು ಸುಲಭ. ಆದರೆ ಬೂದಿ ಬಿದ್ದ ಆ ಮಣ್ಣು ಫಲವತ್ತಾದದ್ದು. ಅಲ್ಲಿ ಅವರ ಹೊಲವಿದೆ, ಕೊಟ್ಟಿಗೆಯಲ್ಲಿ ಹಸುಗಳಿವೆ. 2010ರಲ್ಲಿ ಬೆಟ್ಟ ಸ್ಫೋಟಿಸಿದಾಗ ಶಿಬಿರ ಸೇರಿದವರಲ್ಲಿ ಹಲವರು ದನಗಳಿಗೆ ಮೇವು ಹಾಕಲೆಂದೇ ಮರಳಿ ಬರುತ್ತಿದ್ದರು. ಅಪಾಯ ಗೊತ್ತಿಲ್ಲದೆ ಅಲ್ಲ, ಅದರ ಜೊತೆ ಹೊಟ್ಟೆಪಾಡನ್ನೂ ತೂಗಿ ನೋಡಿಯೇ. ಬೆಟ್ಟದೊಳಗೆ ಆತ್ಮಗಳ ಅರಮನೆಯಿದೆ ಎಂಬ ನಂಬಿಕೆ, ಯೋಗ್ಯಕರ್ತಾದ ಸುಲ್ತಾನರ ಹೆಸರಿನಲ್ಲಿ ವರ್ಷವರ್ಷವೂ ಸಲ್ಲುವ ಕಾಣಿಕೆ, ಇವೆಲ್ಲ ಬಿಟ್ಟುಹೋಗಲಾಗದ ನೆರೆಯೊಂದಿಗೆ ಸಂಬಂಧ ಉಳಿಸಿಕೊಳ್ಳುವ ಬಗೆ.

ಹಾಗಾದರೆ ಬೆಟ್ಟದ ಕಾವಲುಗಾರ ಮರಿಜಾನರ ಸಾವಿಗೆ ಏನೆನ್ನುತ್ತೀರಿ ಎಂದು ಕೇಳಬಹುದು. ಸುಲ್ತಾನರ ಅರಮನೆ ನೇಮಿಸಿದ್ದ ಆ ವೃದ್ಧ 2006ರ ಸ್ಫೋಟದ ವೇಳೆ ಸ್ಥಳ ಬಿಡಲೊಪ್ಪಲಿಲ್ಲ, ಬದುಕುಳಿದರು. 2010ರ ಅಕ್ಟೋಬರ್ 26ರಂದೂ ಬಿಡಲಿಲ್ಲ. ಬೆಂಕಿಯಂಥ ಬೂದಿಮೋಡ ಅವರನ್ನೂ ಊರಿನ ಹಲವರನ್ನೂ ಕೊಂದಿತು. ಆಕ್ಷೇಪ ಗಟ್ಟಿಯಾದದ್ದೇ. ಆದರೆ ಹೊಣೆ ಬಿಟ್ಟು ಹೋಗಲಾರೆ ಎನ್ನುವುದು ಧರ್ಮದ ಮಾತು. ಕಳೆದ ಸಲ ಉಳಿದೆವು, ಈ ಸಲವೂ ಉಳಿಯುತ್ತೇವೆ ಎನ್ನುವುದು ಲೆಕ್ಕದ ಮಾತು. ಧರ್ಮದ ಮಾತನ್ನು ಯಾವ ಉಪಕರಣವೂ ಸುಳ್ಳಾಗಿಸಲಾರದು. ಲೆಕ್ಕವನ್ನಂತೂ ಭೂಕಂಪಮಾಪಕದ ಮುಂದಿಡಲೇಬೇಕು. ಒಬ್ಬರ ವ್ರತವನ್ನು ಸುತ್ತಲಿನವರು ಮುನ್ಸೂಚನೆಯೆಂದು ಓದಿಕೊಂಡರೆ ಅನಾಹುತ ತಪ್ಪಿದ್ದಲ್ಲ. ವ್ರತ ತೊಟ್ಟವರು ತಮ್ಮ ಜೀವ ಒಡ್ಡಬಹುದು, ನೆರೆಮನೆಯ ಮಗುವಿನದ್ದನ್ನಲ್ಲ. ಆ ವರ್ಷದ ಸ್ಫೋಟಗಳಲ್ಲಿ ಒಟ್ಟು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ವಿಜ್ಞಾನಿಗಳ ಎಚ್ಚರಿಕೆ ಕೇಳಿ ಇಳಿದುಹೋದ ಸಾವಿರಾರು ಮಂದಿ ಉಳಿದರು. ಮರಿಜಾನರ ಹುದ್ದೆಗೆ ಅವರ ಮಗ ಬಂದರು. ಕಾಣಿಕೆ ಇಂದಿಗೂ ಬೆಟ್ಟವೇರುತ್ತದೆ.