ಕಾಣದ್ದೆಲ್ಲ ಇಲ್ಲದ್ದೇ?

ಡೆಂಕಣಿಕೋಟೆ, ತಳಿ, ಹೊಸೂರು ಸುತ್ತಿನ ಪಾಲಿಹೌಸ್‌ಗಳ ಗುಲಾಬಿ ಬೆಂಗಳೂರಿನಲ್ಲಿ ವಿಮಾನ ಹತ್ತಿ ಹೊರದೇಶಕ್ಕೆ ಹೋಗಬೇಕಾದರೆ ಹೂವಿನ ಅಂದವೊಂದೇ ಸಾಲದು. ಅದಕ್ಕೆ ಕೀಟ, ರೋಗ ತಗಲಿಲ್ಲವೆಂದು ಸರ್ಕಾರದ ಅಧಿಕಾರಿ ಬರೆದುಕೊಡುವ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಬೇಕು. ನ್ಯಾಯದರ್ಶನದ ಪ್ರಕಾರ ಇದು ಶಬ್ದಪ್ರಮಾಣ: ಕೊಳ್ಳುವವನಿಗೆ ತೋಟ ಕಾಣದು, ಆಪ್ತನಾದವನ ಮಾತನ್ನು ನಂಬುತ್ತಾನೆ. ಆ ಆಪ್ತನೇ ಕಚೇರಿಗೆ ಬೀಗ ಹಾಕಿ ಹೋದರೆ ಹೂವಿನ ವಿಷಯದಲ್ಲಿ ಯಾರಿಗೆ ಏನು ತಿಳಿದಂತಾಯಿತು? ಏನೂ ಇಲ್ಲ. ಆದರೂ ಆ ಅಜ್ಞಾನ, ಹೂವಿನಲ್ಲಿ ದೋಷ ಕಂಡಿದ್ದರೆ ಆಗುತ್ತಿದ್ದ ನಷ್ಟವನ್ನೇ ಬೆಳೆಗಾರನ ತಲೆಗೆ ಕಟ್ಟುತ್ತದೆ.

ಕಾಣದಿರುವುದೂ ಒಂದು ಪ್ರಮಾಣವೆಂದು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುತ್ತಾರೆ, ಅದು ಅನುಪಲಬ್ಧಿ. ಆದರೆ ವಸ್ತು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸ್ಥಿತಿ ಇರಬೇಕೆಂಬುದು ಅವರ ಕಟ್ಟಳೆ. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಗಡಿಗೆ ಇಲ್ಲವೆಂದಾಗದು. ಮಾವಿನ ವಿಷಯದಲ್ಲೂ ಆದದ್ದು ಇದೇ. 2007ರಿಂದ ಅಮೆರಿಕ ನಮ್ಮ ಮಾವನ್ನು ಕೊಳ್ಳುತ್ತಿದ್ದುದು, ತನ್ನ ಕೃಷಿ ಇಲಾಖೆಯ ಅಧಿಕಾರಿಯ ಕಣ್ಣೆದುರು ಅದಕ್ಕೆ ವಿಕಿರಣ ಸಂಸ್ಕರಣೆ ಆಗಬೇಕೆಂಬ ಷರತ್ತಿನ ಮೇಲೆ. 2020ರಲ್ಲಿ ಕೊರೊನಾದಿಂದ ಆ ಅಧಿಕಾರಿಗಳು ಬರಲಾಗಲಿಲ್ಲ. 2022ರವರೆಗೆ ರಫ್ತು ನಿಂತೇಹೋಯಿತು. ಹಣ್ಣು ಅದೇ, ಯಂತ್ರವೂ ಅದೇ. ಇಲ್ಲದಿದ್ದುದು ಸಾಕ್ಷಿಯೊಂದೇ.

ಕೀಟ ಒಮ್ಮೆ ಗಡಿ ದಾಟಿದರೆ ಹಿಂದಕ್ಕೆ ಕರೆಯಲಾಗದು, ಸಂಶಯವಿದ್ದಲ್ಲಿ ಬೇಡವೆನ್ನುವುದೇ ವಿವೇಕ ಎನ್ನಬಹುದು. ಒಪ್ಪೋಣ. ಆದರೆ ಅದು ಬಾಗಿಲು ಮುಚ್ಚುವುದಕ್ಕೆ ಸಮರ್ಥನೆಯೇ ಹೊರತು ಕಾವಲುಗಾರನನ್ನು ಮನೆಗೆ ಕಳಿಸುವುದಕ್ಕಲ್ಲ. ರೈತನ ಮಾತು ಬೇಡ, ಖಾಸಗಿ ಲ್ಯಾಬಿನ ಚೀಟಿಯೂ ಸಾಲದು, ನನ್ನ ಸಾಕ್ಷಿಯೊಂದೇ ಸಾಕ್ಷಿ ಎಂದ ಸರ್ಕಾರಕ್ಕೆ ಆ ಸಾಕ್ಷಿಯನ್ನು ಹಾಜರಿಡುವ ಹೊಣೆಯೂ ಅಂಟಿಕೊಳ್ಳುತ್ತದೆ. ಸರ್ಕಾರ ಸುಮ್ಮನಿದ್ದರೂ ಏನೂ ಮಾಡಲಿಲ್ಲವೆಂದಲ್ಲ. ಗೀತೆ ಅಕರ್ಮದಲ್ಲೂ ಕರ್ಮ ಕಾಣಬೇಕೆನ್ನುತ್ತದೆ.

ಬಜೆಟ್ ಪಾಸಾಗದಿದ್ದರೆ, ರೋಗ ಹರಡಿದರೆ ಸರ್ಕಾರವಾದರೂ ಏನು ಮಾಡೀತು ಎಂಬ ಇನ್ನೊಂದು ಆಕ್ಷೇಪ ಅಷ್ಟು ಗಟ್ಟಿಯಲ್ಲ. ಬಜೆಟ್ ತಡವಾದಾಗ ಖರ್ಚಿಗೆ ನಮ್ಮ ಸಂವಿಧಾನದ 116ನೆಯ ವಿಧಿಯಲ್ಲಿ ಲೇಖಾನುದಾನವಿದೆ. ಅಮೆರಿಕದಲ್ಲಿ 2018ರ ಡಿಸೆಂಬರ್ 22ರಿಂದ 35 ದಿನ ಸರ್ಕಾರ ಮುಚ್ಚಿದಾಗ ಬೆಳೆ ಅಂದಾಜಿನ ಜನವರಿ ವರದಿ ಹೊರಬರಲಿಲ್ಲ, ಆದರೆ ಗಡಿಯ ಕೃಷಿ ತಪಾಸಣೆಯವರು ಸಂಬಳ ಕೈಗೆ ಬಾರದೆಯೂ ಕೆಲಸ ಮಾಡಿದರು. ಯಾವ ಕಣ್ಣು ಮುಚ್ಚಬಾರದೆಂದು ಸರ್ಕಾರಗಳಿಗೆ ಚೆನ್ನಾಗಿಯೇ ಗೊತ್ತು! ಐರೋಪ್ಯ ಒಕ್ಕೂಟ 2020ರ ಮಾರ್ಚ್ ಕೊನೆಗೆ ಮೂಲ ಪ್ರಮಾಣಪತ್ರದ ಬದಲು ಎಲೆಕ್ಟ್ರಾನಿಕ್ ಪ್ರತಿಯನ್ನೇ ತಾತ್ಕಾಲಿಕವಾಗಿ ಒಪ್ಪಿತು. ಮಾವಿನ ರಫ್ತು ಮತ್ತೆ ಶುರುವಾದಾಗಿನ ಒಪ್ಪಂದದಲ್ಲೂ ವಿಕಿರಣದ ಮೇಲ್ವಿಚಾರಣೆಯನ್ನು ಹಂತಹಂತವಾಗಿ ಭಾರತಕ್ಕೆ ಒಪ್ಪಿಸುವ ಮಾತಿತ್ತು. ಆಪ್ತರು ಒಬ್ಬರಿಗಿಂತ ಹೆಚ್ಚು ಇರಬಹುದೆಂದು ಒಪ್ಪಿಕೊಂಡಂತಾಯಿತು. ಆದರೂ 2025ರ ಮೇ ತಿಂಗಳಲ್ಲಿ ನವಿ ಮುಂಬಯಿಯಲ್ಲಿ ಸಂಸ್ಕರಣೆಯಾಗಿ ಹೋದ ಸುಮಾರು 15 ರವಾನೆಗಳ ಮಾವು, ಕಾಗದದಲ್ಲಿ ತಪ್ಪಿದೆಯೆಂಬ ಕಾರಣಕ್ಕೆ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ತಿರಸ್ಕೃತವಾಯಿತು.