‘ನಾಳೆ ಬಾ’ ಎಂದು ಬರೆದ ಬಾಗಿಲು

ದೆವ್ವದ ಸಿನಿಮಾ ನೋಡಿ ನಕ್ಕು ಮನೆಗೆ ಬರುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನಾವು ಯಾರನ್ನು ಕಂಡು ನಕ್ಕೆವು, ಯಾರಿಗಾಗಿ ಮರುಗಿದೆವು ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಈ ಮಾತಿಗೆ ಕಾರಣ 2018ರ ಆಗಸ್ಟ್ 31ರಂದು ತೆರೆಕಂಡ ‘ಸ್ತ್ರೀ’ ಎಂಬ ಹಿಂದಿ ಚಿತ್ರ.

ಚಿತ್ರ ಹಿಂದಿಯದಾದರೂ ಕಥೆಯ ಬೇರು ನಮ್ಮ ನಾಡಿನದು. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಕರ್ನಾಟಕದ ಹಲವು ಊರುಗಳಲ್ಲೂ ಒಂದು ಗುಲ್ಲು ಹಬ್ಬಿತ್ತು. ರಾತ್ರಿ ಹೆಣ್ಣು ದೆವ್ವವೊಂದು ಮನೆಯವರದೇ ದನಿಯಲ್ಲಿ ಬಾಗಿಲ ಬಳಿ ಕೂಗುತ್ತದೆ. ಓಗೊಟ್ಟು ಬಾಗಿಲು ತೆರೆದವರು ಉಳಿಯುವುದಿಲ್ಲ. ‘ನಾಳೆ ಬಾ’ ಎಂದು ಬಾಗಿಲ ಮೇಲೆ ಬರೆದಿದ್ದರೆ ಓದಿಕೊಂಡು ಹೋಗುತ್ತದೆ. ಮರುದಿನ ಬಂದರೂ ಅದೇ ಉತ್ತರ. ಆಕೆ ಗಂಡನನ್ನು ಹುಡುಕುವ ಮದುಮಗಳೆಂದೂ ಕೆಲವರು ಹೇಳುತ್ತಿದ್ದರು.

ನಿರ್ದೇಶಕ ಅಮರ್ ಕೌಶಿಕ್ ಈ ಬರಹವನ್ನು ಮಧ್ಯಪ್ರದೇಶದ ಚಂದೇರಿಯ ಗೋಡೆಗಳಿಗೆ ತಂದರು. ಮದುವೆಯ ರಾತ್ರಿಯೇ ಊರವರು ಕೊಂದ ಹೆಣ್ಣು ಪ್ರತಿವರ್ಷ ಬಂದು ಗಂಡಸರನ್ನು ಒಯ್ಯುತ್ತಾಳೆ. ನಾಯಕ ಒಬ್ಬ ದರ್ಜಿ. ಸಣ್ಣ ಖರ್ಚಿನ ಈ ಚಿತ್ರವನ್ನು ವಿಮರ್ಶಕರು ಬಹುಮಟ್ಟಿಗೆ ಮೆಚ್ಚಿದರು. ಕತ್ತಲಾದ ಮೇಲೆ ಹೊರಗೆ ಹೋಗಲು ಹೆಂಗಸರು ಪಡುವ ಭಯವನ್ನು ಗಂಡಸರ ಪಾಲಿಗೆ ಇಟ್ಟು ನಗಿಸಿದ್ದು ಎಲ್ಲರಿಗೂ ಹಿಡಿಸಿತು. ಕೊನೆ ಗೊಂದಲವಾಯಿತು ಎಂದವರೂ ಉಂಟು. ಕೌಶಿಕ್‌ಗೆ ಹೊಸ ನಿರ್ದೇಶಕರಿಗೆ ಕೊಡುವ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ವಿಮರ್ಶಕರು ಭಯವನ್ನೂ ನಗುವನ್ನೂ ತೂಗಿದರು. ಆ ಎರಡು ಪದಗಳನ್ನೂ ತೂಗಬೇಕೆಂದು ನಮಗೆ ತೋರುತ್ತದೆ. ‘ನಾಳೆ ಬಾ’ ಎಂಬುದು ಸಾಲಗಾರನ ಮಾತು. ಕೊಡುವುದಿಲ್ಲ ಎನ್ನುವ ಧೈರ್ಯವಿಲ್ಲ, ಕೊಡುವ ಮನಸ್ಸೂ ಇಲ್ಲ. ‘ಇಂದು ನಗದು, ನಾಳೆ ಉದ್ರಿ’ ಎಂಬ ಅಂಗಡಿಯ ಹಲಗೆಯಂತೆ, ಆ ನಾಳೆ ಬರುವುದೇ ಇಲ್ಲ.

ಉಧ್ನಾದ ನಮ್ಮ ಮನೆಗಳನ್ನೇ ನೋಡೋಣ. ಊರಿನಿಂದ ಮದುವೆಯಾಗಿ ಬಂದ ಸೊಸೆ, “ಅತ್ತೀ, ಈ ಸಲ ಪಂಚಮಿಗೆ ತವರಿಗೆ ಹೋಗಿ ಬರಲೇ?” ಎಂದು ಕೇಳುತ್ತಾಳೆ. ಅರ್ಧಕ್ಕೆ ನಿಂತ ಓದು ಮುಂದುವರಿಸುವ ಮಾತೆತ್ತುತ್ತಾಳೆ. “ನೋಡೋಣವ್ವ, ಮುಂದೆ ನೋಡೋಣ” ಎನ್ನುತ್ತೇವೆ. ಬೈದಿಲ್ಲ, ಹೊಡೆದಿಲ್ಲ ಎಂಬ ಸಮಾಧಾನ ನಮಗೆ. ಭಾಷೆ ಬಾರದ ಊರಿನಲ್ಲಿ, ಬಂಧುಗಳಿಲ್ಲದ ಓಣಿಯಲ್ಲಿ, ಆಕೆ ಮತ್ತೆ ಯಾರನ್ನು ಕೇಳಬೇಕು?

ಹಾಗೆಂದು ಮುಂದೂಡುವುದೆಲ್ಲ ಅನ್ಯಾಯವಲ್ಲ. ಮಿಲ್ಲಿನ ಪಾಳಿ, ರೈಲಿನ ಟಿಕೆಟ್ಟು, ಮನೆ ಬಾಡಿಗೆ, ಮಕ್ಕಳ ಪರೀಕ್ಷೆ, ಇವೆಲ್ಲ ಸುಳ್ಳಲ್ಲ. ನಿಜವಾದ ತೊಡಕು ಯಾವುದು, ನೆಪ ಯಾವುದು ಎಂದು ತಿಳಿಯುವುದು ಹೇಗೆ? ನಮಗೆ ತೋಚುವ ಅಳತೆ ಇಷ್ಟೆ: ಕೊಡುವ ಮನಸ್ಸಿದ್ದವನು ತಾರೀಖು ಹೇಳುತ್ತಾನೆ. ಮನಸ್ಸಿಲ್ಲದವನು ‘ನಾಳೆ’ ಎನ್ನುತ್ತಾನೆ.

ಚಿತ್ರದ ಕೊನೆಗೆ ಚಂದೇರಿಯವರು ಆಕೆಯ ಪ್ರತಿಮೆ ನಿಲ್ಲಿಸಿ, ‘ನಾಳೆ ಬಾ’ ಎಂಬುದರ ಬದಲು ‘ಓ ಸ್ತ್ರೀ, ರಕ್ಷಿಸು’ ಎಂದು ಬರೆಯುತ್ತಾರೆ. ಗೌರವ ಕೊಟ್ಟರು, ನಿಜ. ಆದರೂ ಮತ್ತೆ ಕೇಳುವವರು ಅವರೇ, ಕೊಡಬೇಕಾದವಳು ಅವಳೇ. ಸತ್ತ ಹೆಣ್ಣಿಗೆ ಕೈಮುಗಿಯುವುದು ನಮಗೆ ಸುಲಭ. ಬದುಕಿರುವವಳ ಮಾತಿಗೆ ಉತ್ತರ ಕೊಡುವುದೇ ಕಷ್ಟ.

ಶ್ರಾವಣ ದೂರವಿಲ್ಲವೆಂದೇ ತಿಳಿಯೋಣ. ಗೋಡೆಯ ಕ್ಯಾಲೆಂಡರಿನಲ್ಲಿ ಪಂಚಮಿ ಯಾವ ವಾರ ಬರುತ್ತದೆಂದು ನೋಡಿ, ಆಕೆ ಕೇಳುವ ಮೊದಲೇ ಟಿಕೆಟ್ಟು ತರೋಣ.