ಚಕ್ಕುಲಿ ದುಡ್ಡು ಯಾರದ್ದು?

ಅಮ್ಮನ ಚಕ್ಕುಲಿ ದುಡ್ಡು ಹಾರ್ಲಿಕ್ಸ್ ಬಾಟಲಿಯಲ್ಲಿ ಇರುತ್ತಿತ್ತು. ಅದಕ್ಕೆ ನಾನು ಮೊದಲ ಸಲ ಕೈಹಾಕಿದ್ದು ಪಿಯುಸಿ ಮುಗಿದ ವರ್ಷ, ಎಂಜಿನಿಯರಿಂಗ್ ಫೀಸಿಗೆ. ಮನೆಯಲ್ಲೇ ಹಿಟ್ಟು ಬೀಸೋ ಮಿಷನ್ ತಗೋಬೇಕು ಅಂತ ಅವಳು ಕೂಡಿಟ್ಟ ದುಡ್ಡದು. ಗೊತ್ತಿದ್ದೇ ಕೇಳಿದೆ. ಅವಳು ಒಂದು ಮಾತೂ ಆಡದೆ ಕೊಟ್ಟಳು.

ಗಣೇಶನ ಹಬ್ಬ ಬಂತೆಂದರೆ ಅಮ್ಮನಿಗೆ ಆರ್ಡರುಗಳು ಬರುತ್ತಿದ್ದವು. ಎರಡು ಕಾಂಡಿಮೆಂಟ್ಸ್ ಅಂಗಡಿಯವರು ಇನ್ನಷ್ಟು ಕೊಡಿ ಅಂತ ಕೇಳುತ್ತಿದ್ದರು. ಆದರೆ ಅಕ್ಕಿ ಹೊತ್ತು ಗಿರಣಿಗೆ ಹೋಗಿ, ಸರದಿಯಲ್ಲಿ ಕೂತು, ಕರೆಂಟು ಹೋದರೆ ವಾಪಸ್ ಬಂದು, ಮತ್ತೆ ಹೋಗಬೇಕು. ಅರ್ಧ ದಿನ ಅಲ್ಲೇ ಮುಗೀತು. ಮಿಷನ್ ಬರಲೇ ಇಲ್ಲ. ನನ್ನ ಫೀಸಾದ ಮೇಲೆ ಅಕ್ಕನ ಸೀಮಂತ, ಆಮೇಲೆ ಅಪ್ಪನ ಸ್ಕೂಟರ್ ರಿಪೇರಿ. ಹದಿನಾಲ್ಕು ವರ್ಷ ವ್ಯಾಪಾರ ಇದ್ದಲ್ಲೇ ಇತ್ತು. ನಾವೆಲ್ಲ ಸೇರಿ ಕೊಟ್ಟ ತೀರ್ಪು: "ಅಮ್ಮನಿಗೆ ವ್ಯವಹಾರ ಬರಲ್ಲ."

ಅದೇ ಮನೆತನದಲ್ಲಿ ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿ ಇತ್ತು. "ಅಂಗಡಿ ದುಡ್ಡು ಮುಟ್ಟಬಾರದು" ಅಂತ ಅಜ್ಜಿ ಮಕ್ಕಳಿಗೆ ಹೇಳಿಕೊಟ್ಟಿದ್ದಳು. ಅದು ಬಂಡವಾಳ. ಅಮ್ಮನದ್ದು ಬರೀ ದುಡ್ಡು.

ಶ್ರೀಲಂಕಾದಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಸಣ್ಣ ವ್ಯಾಪಾರಿಗಳನ್ನು ಚೀಟಿ ಎತ್ತಿ ಆರಿಸಿ, ವಾಪಸ್ ಕೊಡಬೇಕಿಲ್ಲದ ಸಣ್ಣ ಮೊತ್ತ ಕೊಟ್ಟು ನೋಡಿದರು. ಗಂಡಸರ ಲಾಭ ಏರಿತು, ಹೆಂಗಸರದ್ದು ಸರಾಸರಿಯಲ್ಲಿ ಏರಲಿಲ್ಲ. ನಮ್ಮ ಮನೆಯ ತೀರ್ಪೇ ಸರಿ ಅನ್ನಿಸಬೇಕು, ಅಲ್ವಾ? ಆಮೇಲೆ ಬೇರೆ ಸಂಶೋಧಕರು ಶ್ರೀಲಂಕಾ, ಭಾರತ, ಘಾನಾ ದೇಶಗಳ ಲೆಕ್ಕಗಳನ್ನು ಮತ್ತೆ ಬಿಚ್ಚಿ ನೋಡಿದರು. ಮನೆಯಲ್ಲಿ ಹೆಂಗಸಿನದ್ದೊಂದೇ ವ್ಯಾಪಾರ ಇದ್ದ ಕಡೆ ಅವಳ ಲಾಭವೂ ಏರಿತ್ತು. ಗಂಡನಿಗೂ ವ್ಯಾಪಾರ ಇದ್ದ ಕಡೆ ಅವಳ ದುಡ್ಡು ಅಲ್ಲಿಗೆ ಹರಿದಿತ್ತು. ನಮ್ಮ ಮನೇಲಿ ಗಂಡನ ಅಂಗಡಿ ಇರಲಿಲ್ಲ, ಮಗನ ಕಾಲೇಜಿತ್ತು.

1974ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಅವರ 'ಸೇವಾ' ಸಂಘದ ಸುಮಾರು ನಾಲ್ಕು ಸಾವಿರ ಹೆಂಗಸರು ತಲಾ 10 ರೂಪಾಯಿ ಹಾಕಿ ತಮ್ಮದೇ ಬ್ಯಾಂಕು ಕಟ್ಟಿಕೊಂಡರು. ತರಕಾರಿ ಮಾರುವವರು, ಹಳೇ ಬಟ್ಟೆ ಮಾರುವವರು. ಸಹಿ ಬಾರದವರಿಗೆ ಫೋಟೋನೇ ಗುರುತು. ಸಾಲ ಸಿಕ್ಕಿದ್ದು ಸರಿಯೇ. ಆದರೆ ಮನೆಯವರ ಕೈಗೆ ಸುಲಭಕ್ಕೆ ಸಿಗದ ಒಂದು ಜಾಗ ಅವರ ದುಡ್ಡಿಗೆ ಸಿಕ್ಕಿತಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಹೆಂಗಸರಿಗೆ ತರಬೇತಿ ಕೊಡಿ, ಧೈರ್ಯ ತುಂಬಿ ಅಂತ ಭಾಷಣ ಮಾಡುವವರು ಮನೆಯವರಿಗೂ ಒಂದು ದಿನ ತರಬೇತಿ ಇಟ್ಟರೆ ಒಳ್ಳೇದು.

"ಪ್ರೀತಿಯಿಂದ ಕೊಟ್ಟಿದ್ದು ಕಣೋ, ನಿನ್ನ ಓದಿಗಿಂತ ಮಿಷನ್ ದೊಡ್ಡದಾ?" ಅಂತಾಳೆ ಅಮ್ಮ ಈಗಲೂ. ಪ್ರೀತಿ ಸುಳ್ಳಲ್ಲ. ಆದರೆ ಇಲ್ಲ ಅನ್ನೋಕೆ ಅವತ್ತು ಅವಳಿಗೆ ದಾರಿ ಇತ್ತಾ? ಇಲ್ಲ ಅಂದಿದ್ದರೆ ಅವಳು ಎಂಥ ತಾಯಿ ಅನ್ನಿಸಿಕೊಳ್ಳುತ್ತಿದ್ದಳು? ಇಲ್ಲ ಅನ್ನಲಾಗದವರು ಕೊಟ್ಟಿದ್ದನ್ನು ಉಡುಗೊರೆ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ. ಹಾಗಂತ ಆ ಓದು ಬೇಡವಾಗಿತ್ತು ಅಂತಲೂ ಹೇಳಲಾರೆ, ನಾನು ಉಣ್ಣೋ ಅನ್ನ ಅದರದ್ದೇ.

ಇಷ್ಟೆಲ್ಲ ತಿಳಿದವನು ನಾನು. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿದು ಕೊಡುತ್ತಾಳೆ. ಹೋದ ತಿಂಗಳು ಕಾರಿನ ಇನ್ಶೂರೆನ್ಸಿಗೆ ಸ್ವಲ್ಪ ಕಡಿಮೆ ಬಿತ್ತು. "ನಿನ್ನ ಅಕೌಂಟಿಂದ ಹಾಕಿಬಿಡೇ" ಅಂದೆ.

"ಯಾವತ್ತು ವಾಪಸ್ ಕೊಡ್ತೀರಿ?"

ನಿಜ ಹೇಳ್ತೀನಿ, ಚುರುಕ್ ಅಂತು. ಗಂಡನ ಹತ್ತಿರ ತಾರೀಕು ಕೇಳ್ತಾಳಲ್ಲ ಅಂತ. ಅವಳು ಅಳತೆ ಬರೆಯೋ ಪುಸ್ತಕ ತೆಗೆದು ನನ್ನ ಮುಂದಿಟ್ಟಳು. 15ನೇ ತಾರೀಕು ಅಂತ ಬರೆದು ಸಹಿ ಹಾಕಿದೆ.

ಅಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಮ್ಮ ತಲೆ ಎತ್ತದೆ ಅಂದಳು, "ಬಡ್ಡೀನೂ ಬರಸ್ಕೊಳ್ಳೇ."